ಕೌಂಟರ್ ಹಿಂದಿನ ಕಾದಂಬರಿಗಾರ್ತಿ

ಜಪಾನಿನ ದೊಡ್ಡ ಸಾಹಿತ್ಯ ಪ್ರಶಸ್ತಿ ಬಂತು.
ಆದ್ರೂ ಅಂಗಡಿ ಕೆಲಸ ತಕ್ಷಣ ಬಿಡಲಿಲ್ಲ.
ಯಾರಿವರು, ಗೊತ್ತಾ?

ಸಯಾಕಾ ಮುರಾತಾ.
ಹುಟ್ಟಿದ್ದು 1979ರಲ್ಲಿ, ಚಿಬಾ ಪ್ರಾಂತ್ಯದಲ್ಲಿ.
ಕಾಲೇಜು ದಿನಗಳಿಂದಲೇ
‘ಕೊಂಬಿನಿ’ಯಲ್ಲಿ ಪಾರ್ಟ್ ಟೈಮ್ ಕೆಲಸ.
ಕೊಂಬಿನಿ ಅಂದ್ರೆ, ಹಗಲೂ ರಾತ್ರಿ ತೆರೆದಿರೋ ಸಣ್ಣ ಅಂಗಡಿ.
ಬೆಳಗಿನ ಜಾವ ಬರವಣಿಗೆ,
ಆಮೇಲೆ ಡ್ಯೂಟಿ.

2003ರಲ್ಲಿ ಬರವಣಿಗೆಗೆ ಮೊದಲ ಸಲ ಬಹುಮಾನ.
2016ರಲ್ಲಿ ಅಕುತಾಗಾವಾ ಪ್ರಶಸ್ತಿ!

ಗೆದ್ದ ಕಾದಂಬರಿ ‘ಕೊಂಬಿನಿ ನಿಂಗೆನ್’.
ನಾಯಕಿ ಕೇಕೋಗೆ 36 ವರ್ಷ, ಕೊಂಬಿನಿಯಲ್ಲೇ ಕೆಲಸ.
ಮದುವೆ ಇಲ್ಲ. ‘ಒಳ್ಳೆ’ ನೌಕರಿ ಇಲ್ಲ.
ಸುತ್ತಲಿನವರಿಗೆಲ್ಲ ಅದೇ ಚಿಂತೆ.
ಹೌದು, ನಮ್ಮ ನೆಂಟರ ಪ್ರಶ್ನೆಗಳು ಅಲ್ಲೂ ಇವೆ!
ಅವಳಿಗೋ, ಚಿಂತೆಯೇ ಇಲ್ಲ.
ಒರಳಿಗೆ ಗುಂಡುಕಲ್ಲು ಕೂತ ಹಾಗೆ,
ಆ ಅಂಗಡಿಗೆ ಅವಳು.

ಜಪಾನಿನಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಹೋಯ್ತು.
2018ರಲ್ಲಿ ಇಂಗ್ಲಿಷಿಗೂ ಬಂತು.
ತೆಳ್ಳನೆ ಪುಸ್ತಕ.
ಈ ಭಾನುವಾರ ಓದಿ ನೋಡಿ.