ಕಾಣದ ನೀರಿನ ಲೆಕ್ಕ

ಗುಮಟಾಪುರದಂಥ ಊರುಗಳಿರುವ ನಮ್ಮ ಸೀಮೆಯಲ್ಲಿ ಕೊಳವೆಬಾವಿ ಕೊರೆಸುವ ಮುನ್ನ ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ನೀರಿನ ಸೆಲೆ ನೋಡಿಸುವವರು ಇಂದಿಗೂ ಇದ್ದಾರೆ. ನೆಲದಡಿಯ ನೀರು ಕಣ್ಣಿಗೆ ಕಾಣದು. ಆ ಕಾಣದ ನೀರಿಗೆ ವಿಷ ಬೆರೆತರೆ ಅದು ಎತ್ತ ಸರಿದೀತು, ಎಷ್ಟು ವರ್ಷಕ್ಕೆ ಯಾರ ಬಾವಿಯನ್ನು ಮುಟ್ಟೀತು ಎಂಬುದನ್ನು ವಿಜ್ಞಾನಿಗಳು ಗಣಕಯಂತ್ರದ ನೆರವಿನಿಂದ ಲೆಕ್ಕ ಹಾಕುತ್ತಾರೆ. ಆ ಲೆಕ್ಕವೂ ತಪ್ಪುವುದುಂಟು.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಕೊಲಂಬಿಯಾ ನದಿಯ ದಡದಲ್ಲಿ, ಹ್ಯಾನ್‌ಫರ್ಡ್ ಎಂಬ ಪರಮಾಣು ನೆಲೆ 1943ರಲ್ಲಿ ತಲೆಯೆತ್ತಿತು. ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ಪ್ಲುಟೋನಿಯಂ ತಯಾರಾದದ್ದು ಇಲ್ಲಿಯೇ. ಇಂಧನ ಸಿದ್ಧಪಡಿಸುತ್ತಿದ್ದ ಭಾಗದಲ್ಲಿ ಯುರೇನಿಯಂ ಬೆರೆತ ಕೊಳಚೆಯನ್ನು ದಶಕಗಳ ಕಾಲ ನದಿಯ ಪಕ್ಕದ ಹೊಂಡಗಳಿಗೆ ಬಿಟ್ಟರು. ಕೆಲಸ ನಿಂತಿತು, ಇಂಗಿದ ವಿಷ ಅಂತರ್ಜಲದಲ್ಲಿ ಉಳಿಯಿತು.

ಲೆಕ್ಕದ ಕ್ರಮ ಕಷ್ಟವಾದುದಲ್ಲ. ನೆಲವನ್ನು ಚೌಕಾಬಾರದ ಮನೆಗಳಂತೆ, ಆಳಕ್ಕೂ ಸೇರಿಸಿ, ಸಣ್ಣ ಸಣ್ಣ ಮನೆಗಳಾಗಿ ವಿಂಗಡಿಸುತ್ತಾರೆ. ಪ್ರತಿ ಮನೆಯ ಮಣ್ಣು ನೀರನ್ನು ಎಷ್ಟು ಬೇಗ ಹಾಯಗೊಡುತ್ತದೆ, ನೀರಿನ ಮಟ್ಟವೆಷ್ಟು, ವಿಷವು ಮಣ್ಣಿಗೆ ಎಷ್ಟು ಅಂಟುತ್ತದೆ ಎಂಬ ಅಂಕಿಗಳನ್ನು ತುಂಬುತ್ತಾರೆ. ಒಂದು ಮನೆಯಿಂದ ಇನ್ನೊಂದಕ್ಕೆ ನೀರು ಸರಿಯುವ ಪ್ರಮಾಣಕ್ಕೆ ಫ್ರಾನ್ಸಿನ ಹೆನ್ರಿ ಡಾರ್ಸಿ 1856ರಲ್ಲಿಯೇ ಸೂತ್ರ ಕೊಟ್ಟಿದ್ದನು.

ಯುರೇನಿಯಂ ತಾನಾಗಿ ಕೊಚ್ಚಿಹೋಗಿ 3ರಿಂದ 10 ವರ್ಷಗಳಲ್ಲಿ ನೀರು ಶುದ್ಧವಾದೀತೆಂದು 1990ರ ದಶಕದ ಲೆಕ್ಕ ಹೇಳಿತು. ಆಗಲಿಲ್ಲ. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಂತೆಲ್ಲ ನದಿ ಏರಿಳಿಯುತ್ತಿತ್ತು, ಅದರೊಡನೆ ಅಂತರ್ಜಲವೂ. ಏರಿದ ನೀರು ಮೇಲಿನ ಒಣಮಣ್ಣನ್ನು ನೆನೆಸಿ, ಅಲ್ಲಿ ಅಂಟಿದ್ದ ಯುರೇನಿಯಂ ಅನ್ನು ಮತ್ತೆ ಮತ್ತೆ ಕೆಳಗಿಳಿಸುತ್ತಿತ್ತು. ಹಳೆಯ ಲೆಕ್ಕದಲ್ಲಿ ಈ ಒಣಮಣ್ಣಿಗೆ ತಕ್ಕ ಸ್ಥಾನವಿರಲಿಲ್ಲ. ಮುಂದೆ ನದಿಯ ಮಟ್ಟವನ್ನು ಗಂಟೆಗಂಟೆಗೂ ಅಳೆದು, ಸೂಪರ್ ಕಂಪ್ಯೂಟರುಗಳಲ್ಲಿ ಹೊಸ ಲೆಕ್ಕ ಹೂಡಿದರು. 2015ರಲ್ಲಿ ನೆಲಕ್ಕೆ ಫಾಸ್ಫೇಟ್ ದ್ರಾವಣ ಉಣಿಸಿ ಯುರೇನಿಯಂ ಅನ್ನು ಮಣ್ಣಿನಲ್ಲಿಯೇ ಕಟ್ಟಿಹಾಕುವ ಯತ್ನ ಆರಂಭವಾಯಿತು.

ಅಳತೆಯಿಲ್ಲದ ಲೆಕ್ಕವನ್ನು ನಂಬಬಾರದೆಂಬ ಎಚ್ಚರ ನಮ್ಮವರಿಗೂ ಇತ್ತು. ಕೋಲಾರ ಚಿನ್ನದ ಗಣಿಯ ಪಾಳುಬಿದ್ದ ಭಾಗವೊಂದರಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ, ಭಾಭಾ ಅಣು ಸಂಶೋಧನಾ ಕೇಂದ್ರದವರು ಬಂಡೆಯನ್ನು ವಿದ್ಯುತ್ ಹೀಟರಿನಿಂದ ಕಾಯಿಸಿ, ಅಣುತ್ಯಾಜ್ಯದ ಬಿಸಿಗೆ ಶಿಲೆ ಹೇಗೆ ವರ್ತಿಸೀತೆಂದು ಅಳೆದು ನೋಡಿದ್ದರು. ತ್ಯಾಜ್ಯವನ್ನು ಅಲ್ಲಿಗೆ ಒಯ್ಯಲಿಲ್ಲ.

ಹ್ಯಾನ್‌ಫರ್ಡಿನದು ಮರಳು ಜಲ್ಲಿಯ ನೆಲ. ತಾಳವಾಡಿಯದು ಗಟ್ಟಿಬಂಡೆ, ನೀರು ಹರಿಯುವುದು ಬಿರುಕುಗಳಲ್ಲಿ. ಒಂದು ಹೊಲದಲ್ಲಿ ನೀರು ಚಿಮ್ಮಿ, ಪಕ್ಕದ ಹೊಲದಲ್ಲಿ ಬರಿಯ ಧೂಳೇಳುವುದು ಇದರಿಂದಲೇ. ಇಲ್ಲಿ ಅಣುತ್ಯಾಜ್ಯವಿಲ್ಲ, ನಿಜ. ಆದರೆ ಹೊಲದ ರಸಗೊಬ್ಬರ ಯಾವ ಬಾವಿಗೆ ಇಳಿದೀತೆಂದು ಲೆಕ್ಕ ಹಾಕಹೊರಟರೂ ಮೊದಲು ಬೇಕಾಗುವುದು ಪ್ರತಿ ಕೊಳವೆಬಾವಿಯ ಆಳ, ನೀರು ಸಿಕ್ಕ ಅಡಿ, ತಿಂಗಳು ತಿಂಗಳ ಮಟ್ಟ. ಕೊರೆದ ದಿನ ಲಾರಿಯವರು ಹೇಳಿದ ಅಡಿಗಳನ್ನು ಬರೆದಿಟ್ಟುಕೊಂಡ ಮನೆಗಳು ಎಷ್ಟಿವೆಯೋ!