ನೋವಿನೊಡನೆ ಸಂಧಾನ

ಅತಿಥಿಯಂತೆ ಬಂದು ಹೋಗುವ ನೋವನ್ನು ನಾವು ಬೇಗನೆ ಮರೆಯುತ್ತೇವೆ. ಆದರೆ ಬಂದ ನೋವು ಮನೆಯವನಂತೆ ನೆಲಸಿಬಿಟ್ಟರೆ ಅದರೊಡನೆ ಬಾಳುವ ಬಗೆ ಯಾವುದು? ಇಪ್ಪತ್ತೈದು ವರ್ಷ ಕರಿಹಲಗೆಯ ಮುಂದೆ ನಿಂತ ನನಗೆ ಈ ಪ್ರಶ್ನೆ ಎದುರಾದದ್ದು ಒಂದು ಮದುವೆಯ ಪಂಕ್ತಿಯಲ್ಲಿ. ಊಟ ಮುಗಿದರೂ ಎಲೆಯ ಮುಂದಿನಿಂದ ಏಳಲಾರದೆ ಹೋದೆ. ಹಿಂದೊಮ್ಮೆ ನನ್ನ ತರಗತಿಯಲ್ಲಿ ಕುಳಿತಿದ್ದ ಇಬ್ಬರು ಹುಡುಗರು ತೋಳು ಹಿಡಿದು ಎಬ್ಬಿಸಿದರು. ಅಂದಿನ ನಾಚಿಕೆ ಸೊಂಟದ ನೋವಿಗಿಂತ ಹೆಚ್ಚಿನದಾಗಿತ್ತು.

ಪರೀಕ್ಷಿಸಿದ ವೈದ್ಯರು ಎಲುಬಿನಲ್ಲಿ ಗಂಭೀರವಾದ ದೋಷವೇನೂ ಇಲ್ಲವೆಂದರು. ಮೂರು ತಿಂಗಳು ಮೀರಿ ಉಳಿದ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ ನೋವೆಂದು ಕರೆಯುತ್ತದೆ. ಹೊಸ ಪೆಟ್ಟಿನ ನೋವು ಎಚ್ಚರಿಕೆಯ ಗಂಟೆ. ಹಳೆಯ ನೋವಾದರೋ ಹಲವು ವೇಳೆ, ಕಳ್ಳ ಹೋದ ಮೇಲೂ ಬೊಗಳುತ್ತಲೇ ಇರುವ ನಾಯಿ. ನೊಂದೀತೆಂಬ ಅಂಜಿಕೆಯಿಂದ ದೇಹ ಬಿಗಿಯುತ್ತದೆ, ಬಿಗಿದದ್ದು ನೋಯುತ್ತದೆ, ನೋಯುವುದೆಂದು ನಾವು ಅಲುಗಾಡದಿರುತ್ತೇವೆ, ಅಲುಗಾಡದ ಸ್ನಾಯು ಸೊರಗುತ್ತದೆ. ಈ ಚಕ್ರವನ್ನು ಬಲದಿಂದ ಮುರಿಯಲಾಗದು. ಅದಕ್ಕೆ ನಯ ಬೇಕು.

ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. ಯೋಗಶಾಲೆಗೆ ಸೇರಿದ ಮೊದಲ ವಾರದಲ್ಲೇ, ಪಕ್ಕದ ಯುವಕನಿಗೆ ಸರಿಸಮನಾಗಿ ಬಾಗಲು ಹೋಗಿ ಎಂಟು ದಿನ ಹಾಸಿಗೆ ಹಿಡಿದೆ. ಮರಳಿ ಹೋದಾಗ ಗುರುಗಳು ಆಸನವನ್ನೇ ಬದಲಿಸಿದರು. ಜಮಖಾನೆಯ ಮೇಲೆ ಅಂಗಾತ ಮಲಗಿ, ಮೊಣಕಾಲಿನ ಕೆಳಭಾಗವನ್ನು ಕುರ್ಚಿಯ ಮೇಲಿರಿಸಿ, ನಿಧಾನವಾಗಿ ಉಸಿರಾಡುವುದು. ಮೊದಲ ಕೆಲವು ದಿನ ಇಷ್ಟೇ. ಬಳಿಕ ಕೈ ಮತ್ತು ಮೊಣಕಾಲೂರಿ, ಬೆಕ್ಕಿನಂತೆ ಬೆನ್ನನ್ನು ಮೆಲ್ಲನೆ ಏರಿಸಿ ಇಳಿಸುವುದು. ಅವರು ವಿಧಿಸಿದ ನಿಯಮ ಒಂದೇ: ಎಲ್ಲಿ ಉಸಿರು ತಡೆಯುವುದೋ ಅಲ್ಲಿಗೆ ನಿಲ್ಲಬೇಕು.

ಇದು ಹೊಸ ಮಾತೇನಲ್ಲ. ಪತಂಜಲಿಯು ಆಸನಕ್ಕೆ ಹೇಳಿದ ಲಕ್ಷಣ ಎರಡು: ಸ್ಥಿರತೆ ಮತ್ತು ಸುಖ. ಎರಡನೆಯದನ್ನು ನಾವು ಮರೆತಿದ್ದೇವೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ, ಇನ್‌ಫ್ಲುಯೆಂಜಾ ಪಿಡುಗಿನ ವರ್ಷ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಬಾಲ್ಯದಲ್ಲಿ ರೋಗಪೀಡಿತರಾಗಿದ್ದವರು. ಮೈಸೂರಿನಲ್ಲಿ ಭಾವನವರಾದ ಟಿ. ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು, 1937ರಲ್ಲಿ ಪುಣೆಗೆ ಹೋಗಿ ನೆಲಸಿದರು. ಹಗ್ಗ, ಪಟ್ಟಿ, ಮರದ ತುಂಡು, ಕುರ್ಚಿಗಳ ಆಸರೆಯಿಂದ ವೃದ್ಧರೂ ರೋಗಿಗಳೂ ಆಸನ ಮಾಡುವ ಕ್ರಮವನ್ನು ಅವರು ಬೆಳೆಸಿದರು. ದೇಹವನ್ನು ಆಸನಕ್ಕೆ ಒಗ್ಗಿಸುವ ಮೊದಲು ಆಸನವನ್ನು ದೇಹಕ್ಕೆ ಒಗ್ಗಿಸುವ ಕರುಣೆ ಅದರಲ್ಲಿದೆ.

ಹಾಗೆಂದು ಯೋಗ ಪವಾಡವಲ್ಲ. ಅಮೆರಿಕದಲ್ಲಿ 228 ಮಂದಿ ಬೆನ್ನುನೋವಿನವರ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹನ್ನೆರಡು ವಾರ ಯೋಗ ಕಲಿತವರು ಕೇವಲ ಪುಸ್ತಕದ ಸಲಹೆ ಪಡೆದವರಿಗಿಂತ ಹೆಚ್ಚು ಸುಧಾರಿಸಿದರು. ಆದರೆ ಸ್ನಾಯುಗಳನ್ನು ಹಿಗ್ಗಿಸುವ ಸಾಮಾನ್ಯ ವ್ಯಾಯಾಮ ಮಾಡಿದವರಿಗಿಂತ ಮಿಗಿಲಾಗಲಿಲ್ಲ. ಆದರೂ ಆ ದೇಶದ ‘ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್’ ಸಂಸ್ಥೆ, ಹಳೆಯ ಸೊಂಟನೋವಿಗೆ ಔಷಧಕ್ಕಿಂತ ಮೊದಲು ಪ್ರಯತ್ನಿಸಬಹುದಾದ ಉಪಾಯಗಳಲ್ಲಿ ಯೋಗವನ್ನೂ 2017ರಲ್ಲಿ ಸೇರಿಸಿತು. ಕಾಲು ಜೋಮು ಹಿಡಿದು ಬಲಗುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ನೋವಿನೊಡನೆ ಜ್ವರ ಬಂದರೆ ಆಸನವನ್ನು ಬದಿಗಿಟ್ಟು ತಡಮಾಡದೆ ವೈದ್ಯರನ್ನು ಕಾಣಬೇಕು.

ನೋವು ಹೋಯಿತೇ ಎಂದು ಸ್ನೇಹಿತರು ಕೇಳುತ್ತಾರೆ. ಇಲ್ಲ, ಮಳೆಗಾಲದ ಬೆಳಗಿನಲ್ಲಿ ಇಂದಿಗೂ ಅದು ನನಗಿಂತ ಮೊದಲೇ ಎಚ್ಚರಗೊಳ್ಳುತ್ತದೆ. ಆದರೆ ಅದು ಎದ್ದಿತೆಂದು ನಾನು ಈಗ ಹೆದರುವುದಿಲ್ಲ. ಕಳೆದ ತಿಂಗಳು ಮತ್ತೊಂದು ಪಂಕ್ತಿಯಲ್ಲಿ ಕುಳಿತಿದ್ದೆ. ಊಟವಾದ ಮೇಲೆ ಒಂದು ಕೈಯನ್ನು ನೆಲಕ್ಕೂರಿ, ಉಸಿರು ಬಿಡುತ್ತ, ಆತುರವಿಲ್ಲದೆ ನಾನೇ ಎದ್ದೆ.