ಚಂದ್ರದ್ರೋಣದ ಎರಡು ಮಗ್ಗುಲುಗಳು

ಕಡೂರಿನ ಬಯಲಿನಿಂದ ಪಶ್ಚಿಮಾಭಿಮುಖವಾಗಿ ಪಯಣಿಸುವವನಿಗೆ ಮೊದಲು ದಿಗಂತದಲ್ಲೊಂದು ನೀಲರೇಖೆಯಾಗಿ ತೋರಿ, ಸಖರಾಯಪಟ್ಟಣವನ್ನು ದಾಟುವ ವೇಳೆಗೆ ಕಣ್ತುಂಬಿ ನಿಲ್ಲುವ ಬಾಬಾಬುಡನ್ ಗಿರಿಶ್ರೇಣಿಯನ್ನು ಹಿರಿಯರು ಚಂದ್ರದ್ರೋಣವೆಂದು ಕರೆದರು. ಬಾಲಚಂದ್ರನಂತೆ ಬಾಗಿದ ಅದರ ಆಕೃತಿಗೆ ಒಪ್ಪುವ ಹೆಸರದು. ಸಮುದ್ರಮಟ್ಟದಿಂದ 1,930 ಮೀಟರ್ ಎತ್ತರವಿದ್ದು ಕರ್ನಾಟಕದ ಶಿಖರಗಳಲ್ಲೆಲ್ಲ ಉನ್ನತವೆನಿಸಿದ ಮುಳ್ಳಯ್ಯನಗಿರಿ ಈ ಬಾಗಿನಲ್ಲಿಯೇ ಇದೆ. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ಪದರಪದರವಾಗಿ ಸಂಚಯಗೊಂಡ ಕಬ್ಬಿಣದ ಪಟ್ಟಿಶಿಲೆಯು, ಸುತ್ತಲಿನ ಮೃದುಶಿಲೆಗಳು ಮಳೆಗಾಳಿಗಳಿಗೆ ಸವೆದುಹೋದ ಮೇಲೂ ತಾನು ಸವೆಯದೆ ಉಳಿದುದರಿಂದ, ಇಂದು ನಮಗೆ ಕಾಣುವ ಕಡಿದಾದ ಏಣುಗಳು ಉಂಟಾದವು.

ಚಿಕ್ಕಮಗಳೂರು ಜಿಲ್ಲೆಯ 7,201 ಚದರ ಕಿಲೋಮೀಟರುಗಳನ್ನು ಒಂದೇ ನಾಡೆಂದು ಎಣಿಸುವುದು ಆಡಳಿತಕ್ಕೆ ಅನುಕೂಲವಿರಬಹುದು. ಮಳೆಯು ಮಾತ್ರ ಅದನ್ನು ಎರಡಾಗಿಯೇ ಕಂಡಿದೆ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಗಾಳಿಯು ಘಟ್ಟಕ್ಕೆ ತಾಗಿ ಮೇಲೇರುವಾಗ ತಂಪಾಗಿ, ಹೊತ್ತ ತೇವವನ್ನು ಪಶ್ಚಿಮದ ಮಗ್ಗುಲಿನಲ್ಲಿಯೇ ಸುರಿದು, ಬೆಟ್ಟವನ್ನು ದಾಟಿ ಕೆಳಗಿಳಿಯುವಾಗ ಬಿಸಿಯೇರಿ ಒಣಗುತ್ತದೆ. ಆದುದರಿಂದಲೇ ಶೃಂಗೇರಿಯ ಸೀಮೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾದರೆ, ಕಡೂರಿಗೆ ದೊರೆಯುವುದು 600ರ ಆಸುಪಾಸು ಮಾತ್ರ. ಜನರು ಎಲ್ಲಿ ಮನೆ ಕಟ್ಟಿದರು, ಎಷ್ಟು ದೂರದೂರ ಕಟ್ಟಿದರು ಎಂಬುದು ಬಹುಮಟ್ಟಿಗೆ ಈ ಭೇದದಿಂದಲೇ ನಿರ್ಣಯವಾಯಿತೆಂದು ನನ್ನ ನಂಬಿಕೆ.

ಪೂರ್ವದ ಬಯಲಿನಲ್ಲಿ ನೀರನ್ನು ಕೂಡಿಡದೆ ಬಾಳುವಂತಿಲ್ಲ. ಗಿರಿಯಿಂದಿಳಿದ ವೇದಾ ಹೊಳೆಗೆ ಏರಿ ಹಾಕಿ ಅಯ್ಯನಕೆರೆಯನ್ನೂ, ಆವತಿಗೆ ಏರಿ ಹಾಕಿ ಮದಗದ ಕೆರೆಯನ್ನೂ ಹಿಂದಿನವರು ಕಟ್ಟಿದರು. ಏರಿಯನ್ನು ಕಾಯುವುದೂ ತೂಬನ್ನು ತೆರೆಯುವುದೂ ಒಂಟಿ ಸಂಸಾರದ ಕೈಯಲ್ಲಾಗುವ ಕಾರ್ಯಗಳಲ್ಲವಾದ್ದರಿಂದ, ಅಲ್ಲಿ ಮನೆಗೆ ಮನೆ ತಾಗಿದ ಊರುಗಳು ಬೆಳೆದವು.

ಪಶ್ಚಿಮದಲ್ಲಿ, ಕೊಪ್ಪ ಶೃಂಗೇರಿಗಳ ಕಡೆ, ಊರೆಂದು ಕೇಳಿ ಹೋದವನಿಗೆ ಊರು ಕಾಣುವುದಿಲ್ಲ. ಎರಡು ಗುಡ್ಡಗಳ ನಡುವಣ ಕಣಿವೆಯ ತಳದಲ್ಲಿ ಬೈಲುಗದ್ದೆ, ಅದರ ನೆತ್ತಿಯಲ್ಲಿ ನೆರಳು ತಂಪುಗಳಿರುವ ಎಡೆಯಲ್ಲಿ ಅಡಕೆಯ ತೋಟ, ತೋಟದ ಮೇಲ್ಗಡೆ ಇಳಿಜಾರನ್ನು ಕಡಿದು ಸಮಮಾಡಿದ ನೆಲದಲ್ಲೊಂದು ಮನೆ, ಮನೆಯ ಹಿಂದೆ ತೋಟಕ್ಕೂ ಕೊಟ್ಟಿಗೆಗೂ ಸೊಪ್ಪು ದರಗುಗಳನ್ನು ಒದಗಿಸುವ ಸೊಪ್ಪಿನ ಬೆಟ್ಟ. ಇಷ್ಟಕ್ಕೆ ಒಂದು ಒಕ್ಕಲಿನ ಪ್ರಪಂಚವು ಪೂರ್ಣವಾಯಿತು. ಗುಡ್ಡದ ಕಲ್ಲುಸಂದಿನಿಂದ ಜಿನುಗುವ ಅಬ್ಬಿಯ ನೀರು ಅಡಕೆಯ ದಬ್ಬೆಯ ಮೂಲಕ ಬಚ್ಚಲಿಗೇ ಬಂದು ಬೀಳುತ್ತಿರುವಾಗ ನೆರೆಯವನೊಡನೆ ಕೆರೆ ಕಟ್ಟುವ ಅಗತ್ಯವೆಲ್ಲಿಯದು? ಮುಂದಿನ ಮನೆ ಮುಂದಿನ ಕಣಿವೆಯಲ್ಲಿ, ನಡುವೆ ಒಂದು ಕಾನು, ಒಂದು ಹಳ್ಳ, ಹಳ್ಳಕ್ಕೊಂದು ಸಂಕ. ಜನಗಣತಿಗೆ ಬಂದವನು ಬಯಲಿನಲ್ಲಿ ಒಂದು ಬೀದಿಯಲ್ಲಿ ಮುಗಿಸುವ ಕೆಲಸಕ್ಕೆ ಇಲ್ಲಿ ದಿನವೆಲ್ಲ ಬೆಟ್ಟ ಹತ್ತಿ ಇಳಿಯಬೇಕು.

ಒಂಟಿಮನೆಗೆ ಆಧಾರವಾದ ಆ ತಿಳಿನೀರೇ ಬಹುಕಾಲ ಅದರ ಶತ್ರುವನ್ನೂ ಸಾಕಿತು. ಅನಾಫಿಲೀಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆಯು ಕೊಳೆತ ನೀರನ್ನು ಒಲ್ಲದೆ, ಮೆಲ್ಲನೆ ಹರಿಯುವ ಶುಭ್ರವಾದ ತೊರೆಗಳ ಅಂಚಿನಲ್ಲಿ ಮೊಟ್ಟೆಯಿಡುವಂಥದು. ಅದು ಹರಡಿದ ಚಳಿಜ್ವರದಿಂದ ಕಳೆದ ಶತಮಾನದ ಪೂರ್ವಾರ್ಧದಲ್ಲಿ ಮಲೆನಾಡಿನ ಮನೆಗಳು ಬರಿದಾದುವು. ಮೈಸೂರು ಸಂಸ್ಥಾನವು ಇಲ್ಲಿಯ ಜನಸಂಖ್ಯೆಯ ಇಳಿತವನ್ನು ಕಂಡು ಕಳವಳಗೊಂಡು ಮಲೆನಾಡಿನ ಅಭಿವೃದ್ಧಿಗೆಂದೇ ಯೋಜನೆಯನ್ನು ಹಮ್ಮಿಕೊಂಡಿತ್ತು. ಡಿ.ಡಿ.ಟಿ. ಸಿಂಪಡಿಕೆ ಬಂದು, 1953ರಲ್ಲಿ ದೇಶವ್ಯಾಪಿಯಾಗಿ ಮಲೇರಿಯಾ ನಿಯಂತ್ರಣಕಾರ್ಯ ಆರಂಭವಾದ ಮೇಲೆ ಜ್ವರವು ತಗ್ಗಿತು, ತೊಟ್ಟಿಲುಗಳು ತುಂಬಿದವು, ಕಾಫಿಯ ತೋಟಗಳು ಕೂಲಿಗಳನ್ನು ಕರೆದವು.

ಆದರೆ 2001ರಲ್ಲಿ 11,40,905 ಇದ್ದ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ 11,37,961ಕ್ಕೆ ಇಳಿಯಿತು. ಇಡೀ ರಾಜ್ಯದ ಜನಸಂಖ್ಯೆ ಆ ದಶಕದಲ್ಲಿ ನೂರಕ್ಕೆ 15.6ರಷ್ಟು ಏರಿದ್ದಾಗ, ಜಿಲ್ಲೆಗಳಲ್ಲಿ ಇದೊಂದೇ ಕುಗ್ಗಿತ್ತು. ಈ ಬಾರಿ ಜ್ವರದ ಮೇಲೆ ತಪ್ಪು ಹೊರಿಸುವಂತಿಲ್ಲ. ಹೆರಿಗೆಗಳು ಕಡಿಮೆಯಾಗಿವೆ, ಓದಿದ ಮಕ್ಕಳು ಬೆಂಗಳೂರಿನ ಹಾದಿ ಹಿಡಿದಿದ್ದಾರೆ, ಕುದುರೆಮುಖದ ಅದಿರಿನ ಗಣಿಯು 2005ರ ಕೊನೆಯಲ್ಲಿ ನಿಂತುಹೋಗಿ ಅಲ್ಲಿಯ ವಸತಿಗಳು ಖಾಲಿಯಾದವು.

ಎರಡು ಸಾವಿರದ ಒಂಬೈನೂರ ನಲವತ್ತನಾಲ್ಕು ಮಂದಿಯ ಇಳಿತವು ಕಾಗದದ ಮೇಲೆ ಅಲ್ಪವೆನಿಸೀತು. ಬಯಲಿನ ಊರಿನಿಂದ ಹತ್ತು ಮನೆ ಹೊರಟುಹೋದರೂ ಕೆರೆಯನ್ನು ಕಾಯಲು ಉಳಿದವರಿರುತ್ತಾರೆ. ಮಲೆನಾಡಿನಲ್ಲಿ ಒಂದು ಮನೆಗೆ ಬೀಗ ಬಿದ್ದರೆ ಒಂದು ಕಣಿವೆಯೇ ಪಾಲಕರಿಲ್ಲದಾಯಿತು. ವೃದ್ಧ ದಂಪತಿಗಳಿಬ್ಬರೇ ಉಳಿದ ಮನೆಗಳನ್ನು ನಾನು ಆ ಕಡೆ ಕಂಡಿದ್ದೇನೆ. ಮಳೆಗಾಲಕ್ಕೆ ಮುನ್ನ ತೋಟದ ಬಸಿಗಾಲುವೆಯ ಹೂಳನ್ನು ಎತ್ತದಿದ್ದರೆ ನೀರು ನಿಂತು ಅಡಕೆಯ ಬೇರು ಕೊಳೆಯುವುದು. ಕೊಳೆರೋಗಕ್ಕೆ ಮದ್ದು ಹೊಡೆಯಲು ಮರವೇರುವ ಕೊನೆಗಾರನು ಸಕಾಲದಲ್ಲಿ ದೊರೆಯದಿದ್ದರೆ ಆ ವರ್ಷದ ಎಳೆಗಾಯಿಯೆಲ್ಲ ಉದುರಿ ನೆಲದ ಪಾಲು. ಆ ಮುದುಕರು ಜೂನ್ ತಿಂಗಳ ಮೋಡವನ್ನು ನೋಡುವಾಗ ಎಣಿಸುವುದು ಈ ಕೆಲಸಗಳನ್ನು ಮತ್ತು ತಮಗೆ ಉಳಿದಿರುವ ಕೈಗಳನ್ನು.